ಜಗಳದ ಮೇಜು

ಮೇಡಂ ನನಗೆ ಮೊದಲ ಸಲ ಹೊಡೆದದ್ದು ಒಂದು ಬಾಗಿಲಿಗಾಗಿ. ನಾನು ಎಂಎಸ್ಸಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಹೊನವಾಡದ ಬಸ್ಸು ತಡವಾಗಿತ್ತು. ತೊರವಿಯ ಹತ್ತಿರದ ನಮ್ಮ ಕಾಲೇಜಿನ ಸ್ಟಾಪಿನಿಂದ ಓಡಿಕೊಂಡೇ ಬಂದು ಲ್ಯಾಬಿನ ಬಾಗಿಲನ್ನು ಧಡ್ಡನೆ ನೂಕಿದೆ. ಒಳಗೆ ಕತ್ತಲು. ಆ ಕತ್ತಲಿನಿಂದ ಒಂದು ಕೈ ಬಂದು ನನ್ನ ಎಡಗೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದಿತು.

"ಕಣ್ಣು ಕಾಣಂಗಿಲ್ಲೇನ ಬೇ? ಮುಂಜಾನಿಂದ ಕುಂತು ಜಗಳ ಹಚ್ಚೇನಿ. ಒಂದ ಬಾಗಲದಾಗ ಎಲ್ಲಾ ಕೆಡಿಸಿದೆಲ್ಲ!"

ಮುಂಜಾನೆಯಿಂದ ಕೂತು ಜಗಳ ಹಚ್ಚುವ ಹೆಂಗಸು ಇವರೆಂಥವರು ಎಂದು ನನಗೆ ಅಳುವಿನ ನಡುವೆಯೂ ಆಶ್ಚರ್ಯವಾಯಿತು. ಮನೆಯಲ್ಲಿ ಅಪ್ಪ ಕೂಡ ನನಗೆ ಕೈ ಎತ್ತಿದವನಲ್ಲ. ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದೆ. ಮೇಡಂ ನನ್ನ ರಟ್ಟೆ ಹಿಡಿದು ಎಳೆದು ತಂದು ಕಲ್ಲಿನ ಮೇಜಿನ ಮುಂದೆ ನಿಲ್ಲಿಸಿದರು. "ಹೋಗೂದಾದ್ರ ಹೋಗು. ಆದ್ರ ಏನ್ ಕೆಡಿಸಿದಿ ಅಂತ ನೋಡಿ ಹೋಗು" ಎಂದರು. ನೋಡಿದೆ. ಹೋಗಲಿಲ್ಲ.

ಅವರು ಹೇಳುತ್ತಿದ್ದದ್ದು ಬೆಳಕಿನ ಜಗಳ. ಒಂದು ಕೆಂಪು ಲೇಸರ್ ಕಿರಣ, ಅರ್ಧ ಬೆಳಕನ್ನು ಒಳಗೆ ಬಿಟ್ಟು ಅರ್ಧವನ್ನು ಹೊರಳಿಸುವ ಒಂದು ಗಾಜಿಗೆ ಬಡಿದು ಎರಡಾಗಿ ಒಡೆಯುತ್ತಿತ್ತು. ಎರಡೂ ಬೇರೆ ಬೇರೆ ದಾರಿ ಹಿಡಿದು, ಮೂಲೆಯ ಕನ್ನಡಿಗಳಿಗೆ ಬಡಿದು, ಕೊನೆಗೆ ಅಂಥದೇ ಇನ್ನೊಂದು ಗಾಜಿನಲ್ಲಿ ಕೂಡುತ್ತಿದ್ದವು. ಎರಡೂ ಹೆಜ್ಜೆಗೆ ಹೆಜ್ಜೆ ಹಾಕಿ ಬಂದರೆ ಬೆಳಕು ಹೆಚ್ಚುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ ಒಂದನ್ನೊಂದು ಕೊಂದುಕೊಂಡು ಕತ್ತಲಾಗುತ್ತದೆ. ಎದುರಿನ ಬಿಳಿ ತೆರೆಯ ಮೇಲೆ ಒಂದು ಕೆಂಪು ಗೆರೆ, ಒಂದು ಕಪ್ಪು ಗೆರೆ, ಮತ್ತೆ ಕೆಂಪು, ಮತ್ತೆ ಕಪ್ಪು. ಪುಸ್ತಕದಲ್ಲಿ ಇದಕ್ಕೆ ವ್ಯತಿಕರಣ ಎಂಬ ಹೆಸರಿದೆ. ಮೇಡಂಗೆ ಆ ಶಬ್ದ ಕಂಡರೆ ಆಗುತ್ತಿರಲಿಲ್ಲ. "ವ್ಯತಿಕರಣ ಅಂದ್ರ ಯಾವಂಗ ತಿಳೀತೈತಿ? ಜಗಳ ಅನ್ನು. ಬೆಳಕಿಗೂ ಬೆಳಕಿಗೂ ಜಗಳ" ಎನ್ನುತ್ತಿದ್ದರು.

ಎರಡರಲ್ಲಿ ಒಂದು ದಾರಿಯ ನಡುವೆ ಬೆರಳ ಗಾತ್ರದ ಒಂದು ಹರಳು ಇರುತ್ತಿತ್ತು. ಅದರ ಎರಡು ಮಗ್ಗುಲಿಗೂ ತಂತಿ. ಅದಕ್ಕೆ ವಿದ್ಯುತ್ತು ಕೊಟ್ಟರೆ ಒಳಗೆ ಹೋಗುವ ಬೆಳಕು ಒಂದಿಷ್ಟೇ ಇಷ್ಟು ಹಿಂದೆ ಬೀಳುತ್ತದೆ. ಅಷ್ಟು ಸಾಕು, ಬೆಳಕಿದ್ದ ಜಾಗದಲ್ಲಿ ಕತ್ತಲು, ಕತ್ತಲಿದ್ದ ಜಾಗದಲ್ಲಿ ಬೆಳಕು. ಆ ವಿದ್ಯುತ್ತನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಸಿ ಇಳಿಸಿದರೆ ಹೊರಬರುವ ಬೆಳಕು ಅಷ್ಟೇ ವೇಗದಲ್ಲಿ ಹತ್ತಿ ಆರುತ್ತದೆ. ಮೇಡಂ ಜೀವಮಾನವೆಲ್ಲ ಬೆನ್ನು ಹತ್ತಿದ್ದು ಇದನ್ನೇ. "ನೀ ನಿಮ್ಮವ್ವನ ಜೋಡಿ ಫೋನಿನ್ಯಾಗ ಮಾತಾಡತೀಯಲ್ಲ, ಆ ಮಾತು ನೆಲದಾಗಿನ ಗಾಜಿನ ಎಳಿಯೊಳಗ ಹಿಂಗ ಬಡದಾಡಕೋತ ಹೋಗತೈತಿ. ಜಗಳ ಇಲ್ಲದ ಒಂದ ಅಕ್ಷರ ಮುಟ್ಟಂಗಿಲ್ಲ ಮಗಳ" ಎಂದರು ಆವತ್ತು. ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು.

ಅವರು ಸಾರವಾಡದವರು. ಕುಳ್ಳಗೆ, ಗಟ್ಟಿ ಮೈ, ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಲ್ಯಾಬಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದರು. ಅವರ ಅಪ್ಪ ಬೇರೆಯವರ ಹೊಲದಲ್ಲಿ ಕೂಲಿ. ಹಣೆಯ ಮೇಲೆ ಕೂದಲಿನ ಅಂಚಿಗೆ ಒಂದು ಗಾಯದ ಕಲೆ ಇತ್ತು. ಅದರ ಕತೆಯನ್ನು ಅವರು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಹೊಲದ ಸಾವುಕಾರನ ಮಗ, ಇವರ ಅಪ್ಪನಿಗಿಂತ ಎಷ್ಟೋ ಸಣ್ಣವನು, ಅಪ್ಪನನ್ನು "ಲೇ" ಎಂದು ಕರೆದು ಕಪಾಳಕ್ಕೆ ಹೊಡೆದನಂತೆ. ಈ ಹುಡುಗಿ ಓಡಿಹೋಗಿ ಆ ಕೈಯನ್ನೇ ಕಚ್ಚಿ ಹಿಡಿಯಿತು. ಅವನು ಕುಡುಗೋಲಿನ ಹಿಡಿಕೆಯಿಂದ ಕುಟ್ಟಿದರೂ ಬಿಡಲಿಲ್ಲ. "ನನ್ನ ಹಣಿ ಮ್ಯಾಲ ಅವಂದು ಒಂದ ಗುರ್ತು. ಅವನ ಕೈಮ್ಯಾಲ ನಂದು ಸಾಲಿಗೆ ಸಾಲ ಅದಾವ. ಈಗೂ ಬಸ್ಸಿನ್ಯಾಗ ಕಂಡ್ರ ಕೈ ಕಿಸೇದಾಗ ಇಟಗೋತಾನ" ಎಂದು ನಗುತ್ತಿದ್ದರು. ನಗುವಾಗ ಮಾತ್ರ ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ.

ಲ್ಯಾಬಿನ ಗೋಡೆಯ ಮೇಲೆ ಬುದ್ಧನ ಒಂದು ಫೋಟೋ ಇತ್ತು. ಅದರ ಕೆಳಗೆ ಕೂತು ಇಷ್ಟು ಬೈಗುಳ ಬೈಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಒಮ್ಮೆ ಧೈರ್ಯ ಮಾಡಿ, "ಅವರು ಅಷ್ಟು ಶಾಂತ ಅದಾರ, ನೀವು ಹಿಂಗ್ಯಾಕ್ರಿ ಮೇಡಂ?" ಎಂದು ಕೇಳಿದೆ. "ಅಂವಾ ಕಣ್ಣು ಮುಚ್ಚ್ಯಾನ, ನಾ ತೆರದೇನಿ. ಇಬ್ಬರೂ ಮುಚಗೊಂಡು ಕುಂತ್ರ ನಿನ್ನಂಥಾವ್ರನ ಯಾರು ಕಾಯಬೇಕು?" ಎಂದರು.

ಅವರ ಸಿಟ್ಟನ್ನು ನಾನು ಹಾಡಿ ಹೊಗಳಲಾರೆ. ತಿಕೋಟಾದ ಒಬ್ಬ ಹುಡುಗ ಕನ್ನಡಿಗೆ ಬೆರಳಚ್ಚು ಮಾಡಿದನೆಂದು ಅವರು ಹೊಡೆದ ಪೆಟ್ಟಿಗೆ ಅವನ ಕಿವಿಯ ತಮಟೆ ಹರಿಯಿತು. ಹುಡುಗ ಕಾಲೇಜು ಬಿಟ್ಟ. ಕ್ಷಮೆ ಕೇಳಲೆಂದೇ ಸ್ಕೂಟರ್ ಹತ್ತಿ ಅವನ ಮನೆಗೆ ಹೋದ ಮೇಡಂ, ಅವನಪ್ಪ "ನಮ್ಮ ಹುಡುಗ ಮೊದಲ ದಡ್ಡ ಬಿಡ್ರಿ" ಎಂದಾಕ್ಷಣ, "ನಿಮ್ಮ ಮಗನ್ನ ನೀವ ದಡ್ಡ ಅಂದ್ರ ಹೆಂಗ್ರಿ!" ಎಂದು ಅವನ ಜೊತೆಗೇ ಕೈಕೈ ಮಿಲಾಯಿಸಿ ಬಂದರು. ಕ್ಷಮೆ ಅಲ್ಲೇ ಉಳಿಯಿತು. ಆ ಹುಡುಗನಿಗೆ ಈಗಲೂ ಒಂದು ಕಿವಿ ಮಂದ. ಮೇಡಂ ತೀರಿಕೊಂಡ ಸುದ್ದಿ ಹೇಳಲು ಫೋನ್ ಮಾಡಿದರೆ "ಹೌದೇನ್ರಿ" ಎಂದಷ್ಟೇ ಹೇಳಿ ಇಟ್ಟ. ಅವನು ಬೇರೇನಾದರೂ ಹೇಳಬೇಕಿತ್ತು ಎಂದು ನನಗೆ ಅನ್ನಿಸಲಿಲ್ಲ.

ಆ ಕಲ್ಲಿನ ಮೇಜಿನ ಹುಟ್ಟೂ ಜಗಳದಿಂದಲೇ. ಬೆಳಕಿನ ಗೆರೆಗಳು ಬಲು ನಾಜೂಕು. ಪಡಸಾಲೆಯಲ್ಲಿ ಯಾರಾದರೂ ನಡೆದರೆ ಸಾಕು, ನಡುಗಿ ಕಲಸಿಹೋಗುತ್ತವೆ. ನಡುಕ ತಡೆಯುವ ಮೇಜು ತರಿಸಿರೆಂದರೆ ಕಾಲೇಜಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಡಂ ಬಬಲೇಶ್ವರದ ಒಂದು ಗ್ಯಾರೇಜಿಗೆ ಹೋಗಿ ಟ್ರ್ಯಾಕ್ಟರ್ ಗಾಲಿಯ ಹಳೆಯ ಟ್ಯೂಬುಗಳನ್ನು ಕೇಳಿದರು. ಒಂದೊಂದನ್ನೂ ಒದ್ದು, ಮೇಲೆ ಕೂತು ಪರೀಕ್ಷೆ ಮಾಡುವುದನ್ನು ಕಂಡು ಮೇಸ್ತ್ರಿ ನಕ್ಕ. "ನಿಮ್ಮ ಟ್ರ್ಯಾಕ್ಟರ್ ಎಲ್ಲೈತ್ರಿ ಅಕ್ಕಾರ?" ಎಂದು ಹುಡುಗರಿಗೆ ಕಣ್ಣು ಹೊಡೆದ. ಮೇಡಂ ಅವನ ಕೈಯ ನಟ್ಟು ಬಿಚ್ಚುವ ಪಾನಾ ಕಸಿದು ನೀರಿನ ತೊಟ್ಟಿಗೆ ಎಸೆದರು, ಅವನ ಮುಖವೆಲ್ಲ ಕೊಳೆನೀರು. ಕೊನೆಗೆ ಅವನೇ ಟ್ಯೂಬುಗಳನ್ನು ಟೆಂಪೋಕ್ಕೆ ಹೇರಿಕೊಟ್ಟ. ಗಾಳಿ ತುಂಬಿದ ಆ ಟ್ಯೂಬುಗಳ ಮೇಲೆ ಆಳುದ್ದದ ಕರಿಕಲ್ಲಿನ ಹಾಸು ಮಲಗಿಸಿ, ಅದರ ಮೇಲೆ ಲೇಸರು, ಕನ್ನಡಿ, ಹರಳು. ನಾವು ಅದನ್ನು ಜಗಳದ ಮೇಜು ಎಂದು ಕರೆಯುತ್ತಿದ್ದೆವು.

ನಾನು ಬಾಗಿಲು ನೂಕಿದ ದಿನದಿಂದ ಆ ಮೇಜಿಗೆ ಒಂದು ಕಾನೂನೂ ಹುಟ್ಟಿತು. ನಮ್ಮ ಲ್ಯಾಬು ನೆಲಮಹಡಿಯ ಪಡಸಾಲೆಯ ಕೊನೆಗೆ. ಕಿಟಕಿಗಳಿಗೆಲ್ಲ ಸರಳು. ಪಡಸಾಲೆಗೆ ಒಂದೇ ದಾರಿ, ಅದಕ್ಕೊಂದು ಎಳೆದು ಮುಚ್ಚುವ ಕಬ್ಬಿಣದ ಗೇಟು. ಗೇಟಿನ ಹೊರಗೆ ವಾಚಮನ್ ಚಂದಪ್ಪನ ಕುರ್ಚಿ, ಪಕ್ಕದಲ್ಲಿ ಒಂದು ಫೋನು. ಗೆರೆಗಳು ಸರಿಯಾಗಿ ಮೂಡಿದಾಗ ಮೇಡಂ ಅವನಿಗೆ ಫೋನ್ ಮಾಡಿ ಎರಡೇ ಮಾತು ಹೇಳುತ್ತಿದ್ದರು: "ಜಗಳ ಹತ್ತೇತಿ." ಕೂಡಲೇ ಚಂದಪ್ಪ ನೆಲ ನಡುಗಿಸುವ ಜನರೇಟರ್ ಬಂದ್ ಮಾಡಬೇಕು (ನಮ್ಮ ಲೇಸರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು), ಗೇಟಿಗೆ ಕೀಲಿ ಜಡಿಯಬೇಕು, ಪ್ರಿನ್ಸಿಪಾಲರೇ ಬಂದರೂ ಬಾಯಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಬೇಕು. ಮೇಡಂ ತಾವೇ "ಜಗಳ ಮುಗೀತು" ಎಂದು ಫೋನ್ ಮಾಡುವತನಕ ಕೀಲಿ ತೆಗೆಯುವಂತಿಲ್ಲ. ಒಮ್ಮೆ ಮಧ್ಯೆ ತೆಗೆದು ಅವನೂ ಏಟು ತಿಂದಿದ್ದ. ಆಮೇಲೆ ತಪ್ಪಲಿಲ್ಲ.

ನಾನು ಎಂಎಸ್ಸಿ ಮುಗಿಸಿ, ಹಾಸ್ಟೆಲ್ ಸೇರಿ ಅವರ ಕೈಕೆಳಗೇ ಸಂಶೋಧನೆಗೆ ನಿಂತೆ. ಅವರು ಕಲಿಸಿದ್ದರಲ್ಲಿ ನನಗೆ ಮೊದಲು ನೆನಪಾಗುವುದು ನಡಮಟ್ಟ. ಹರಳಿಗೆ ಸಣ್ಣ ವಿದ್ಯುತ್ತು ಕೊಟ್ಟರೂ ಬೆಳಕಿನಲ್ಲಿ ದೊಡ್ಡ ಬದಲಾವಣೆ ಕಾಣಬೇಕಾದರೆ ಮೊದಲು ಬೆಳಕನ್ನು ಪೂರ್ತಿ ಬೆಳಕೂ ಅಲ್ಲದ, ಪೂರ್ತಿ ಕತ್ತಲೂ ಅಲ್ಲದ ಮಧ್ಯದ ಮಟ್ಟಕ್ಕೆ ತಂದು ನಿಲ್ಲಿಸಬೇಕು. ತುದಿಯಲ್ಲಿ ನಿಂತದ್ದು ಸಣ್ಣ ಏಟಿಗೆ ಅಲುಗುವುದೇ ಇಲ್ಲ. "ತುಂಬಿದ ಮನಿಯಾವ್ರಿಗೆ ನೂಕಿದ್ರೂ ತಿಳಿಯಂಗಿಲ್ಲ. ನಡಮಟ್ಟದಾಗ ನಿಂತಾವ್ರಿಗೆ ಉಸುರು ತಾಗಿದ್ರೂ ಸಾಕು, ಮೈಯೆಲ್ಲಾ ಹಾರತೈತಿ" ಎಂದರು ಒಮ್ಮೆ. ಹರಳಿನ ಮಾತು ಮುಗಿಸಿ ತಮ್ಮ ಮಾತನ್ನೇ ಹೇಳಿಕೊಂಡರೆಂದು ನನಗೆ ಅನ್ನಿಸಿತು. ನಮ್ಮೂರ ಬಿಸಿಲಿಗೆ ಹರಳು ಕಾದು ಆ ಮಟ್ಟ ಜಾರುತ್ತಲೇ ಇರುತ್ತಿತ್ತು. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ, ತಿರುಗಣೆಯ ಮೇಲೆ ಕೈಯಿಟ್ಟು ಕೂದಲಷ್ಟು ಕೂದಲಷ್ಟು ತಿರುಗಿಸುತ್ತ ಮೇಡಂ ಹಿಡಿದು ನಿಲ್ಲಿಸುತ್ತಿದ್ದರು. ಜನರನ್ನು ಹೊಡೆಯುವ ಆ ಬಲಗೈ ಅಲ್ಲಿ ಮಾತ್ರ ಹಸುಗೂಸನ್ನು ಮುಟ್ಟುವ ಹಾಗೆ ಮುಟ್ಟುತ್ತಿತ್ತು.

ತೊರವಿಯಲ್ಲಿ ಅವರ ಬಾಡಿಗೆ ಮನೆ. ಮಧ್ಯಾಹ್ನ ಅಲ್ಲೇ ನನ್ನ ಊಟ. ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಬೇಡವೆಂದರೆ ರೊಟ್ಟಿಯ ಜೊತೆಗೆ ಬೆನ್ನಿಗೊಂದು ಗುದ್ದು. ಈ ಊಟದ ಸುದ್ದಿ ಯಾರದೋ ಬಾಯಲ್ಲಿ ನಮ್ಮೂರು ಹೊನವಾಡ ಮುಟ್ಟಿತು. ನಮ್ಮದು ದ್ರಾಕ್ಷಿ ತೋಟದ ಮನೆ, ಊರಲ್ಲಿ ಮೀಸೆ ತಿರುವುವ ಮಂದಿ. ನಾನು ಕೇರಿಯಿಂದ ಬಂದ ಮೇಡಂ ಮನೆಯಲ್ಲಿ ಉಣ್ಣುತ್ತೇನೆಂಬುದು ಅಣ್ಣನಿಗೆ ಬೆಂಕಿ ಇಟ್ಟಂತಾಯಿತು. ಓದು ಬಿಡಿಸಿ ಬಬಲೇಶ್ವರದ ನಮ್ಮ ಮಾವನಿಗೆ, ಅವ್ವನ ತಮ್ಮನಿಗೆ, ಕೊಡುವುದೆಂದು ಮಾತಾಯಿತು. ಮದುವೆ ನಿಶ್ಚಯದ ಸಕ್ಕರಿಪುಡಿಗೆ ದಿನ ಗೊತ್ತು ಮಾಡಿದರು. ನಾನು ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿಬಿಟ್ಟೆ.

ಅದು ಏಪ್ರಿಲ್ ಚಾಟ್ನಿಯ ಹೊತ್ತು, ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನಗಳು. ಲ್ಯಾಬಿನಲ್ಲಿ ಆ ಮುಂಜಾನೆ ಹರಳು ಮೊದಲ ಸಲ ನಾವು ಬಯಸಿದ ವೇಗಕ್ಕೆ ಏರಿತ್ತು. ತೆರೆಯ ಮೇಲೆ ಗೆರೆಗಳೇ ಇಲ್ಲ. ಅಷ್ಟು ವೇಗ ಕಣ್ಣಿಗೆ ದಕ್ಕುವುದಿಲ್ಲ, ಎಲ್ಲ ಕಲೆತು ಒಂದೇ ಮಂಕು ಕೆಂಪು ಕಾಣುತ್ತದೆ. ಯಂತ್ರದ ಪರದೆಯ ಮೇಲೆ ಮಾತ್ರ ಅಲೆಗಳು ಕುಣಿಯುತ್ತಿದ್ದವು. "ನೋಡು, ಹೊರಗಿಂದ ಹೆಂಗ ತಣ್ಣಗ ಕಾಣತೈತಿ" ಎಂದು ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟರು. ಇನ್ನೂ ಚಂದಪ್ಪನಿಗೆ ಫೋನ್ ಮಾಡಿರಲಿಲ್ಲ. ಹಾಗಾಗಿ ಗೇಟು ತೆರೆದೇ ಇತ್ತು.

ಅಣ್ಣ ಮತ್ತು ಕಾಕಾನ ಇಬ್ಬರು ಮಕ್ಕಳು ತೋಟದಿಂದ ನೇರವಾಗಿ ಬಂದಿದ್ದರು. ಅಂಗಿಗೆ ಬಳ್ಳಿಯ ರಸ, ಕಿಸೆಯಲ್ಲಿ ಚಾಟ್ನಿ ಕತ್ತರಿ. ಅಣ್ಣ ಬಾಗಿಲಲ್ಲೇ ನನ್ನ ಜಡೆಗೆ ಕೈ ಹಾಕಿದ. "ನಡಿ ಬೇ. ಮನಿ ಮಾನ ಇಲ್ಲಿ ರೊಟ್ಟಿಗೆ ಮಾರಾಕತ್ತೀಯೇನು?" ನಾನು ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಕಂಡೆ, ಮೇಡಂ ಸ್ಟ್ಯಾಂಡಿನ ಕಬ್ಬಿಣದ ಸರಳು ಕಿತ್ತು ಅಣ್ಣನ ಮೊಣಕೈಗೆ ಬಿಟ್ಟರು. ಎಲುಬು ಮುರಿದ ಸಪ್ಪಳ ನನಗೆ ಕೇಳಿತು. ಕಾಕಾನ ದೊಡ್ಡ ಮಗ ಅವರ ಹೊಟ್ಟೆಗೆ ಒದ್ದ. ಸಣ್ಣವನು ಅವರ ಕೂದಲು ಹಿಡಿದು ಗೋಡೆಗೆ ಬಡಿದ, ಬುದ್ಧನ ಫೋಟೋ ಕೆಳಗೆ ಬಿದ್ದು ಗಾಜು ಚೂರಾಯಿತು. ಮೂಗಿನಿಂದ ರಕ್ತ ಸುರಿಯುತ್ತಿದ್ದಂತೆಯೇ ಮೇಡಂ ಫೋನಿನ ಹತ್ತಿರ ಉರುಳಿದರು.

"ಚಂದಪ್ಪಾ, ಜಗಳ ಹತ್ತೇತಿ."

ಅಷ್ಟೇ. ಅಲ್ಲಿಂದ ಚಂದಪ್ಪನ ದನಿ ನನಗೂ ಕೇಳಿತು: "ಹತ್ತಿತೇನ್ರಿ? ಭಾಳ ಚಲೋ ಆತ್ರಿ ಮೇಡಮ್ಮಾರ!" ಫೋನು ಇಟ್ಟ. ಹೊರಗೆ ಜನರೇಟರ್ ನಿಂತಿತು. ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಆ ಕ್ಷಣ ಮೇಡಂ ಮೇಲೆಯೇ ಸಿಟ್ಟು ಬಂತು. ಬಡಿಯುತ್ತಿದ್ದಾರೆ, ಓಡಿ ಬನ್ನಿ ಎನ್ನಬಾರದಿತ್ತೇ?

ಅಣ್ಣ ಒಂದೇ ಕೈಯಿಂದ ನನ್ನ ಜಡೆ ಹಿಡಿದು ಪಡಸಾಲೆಯುದ್ದಕ್ಕೂ ಎಳೆದ. ಬೆನ್ನು, ಮೊಣಕೈ ಎಲ್ಲ ತರಚಿಹೋದವು. ಗೇಟಿನ ಹತ್ತಿರ ಬಂದರೆ ಕೀಲಿ ಬಿದ್ದಿದೆ. ಆಚೆ ಚಂದಪ್ಪ ಬಾಯಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾನೆ. ನಮ್ಮನ್ನು ಕಂಡು ಬೀಗವನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಕೀಲಿ ತೆಗಿ ಲೇ!"

"ಮೇಡಮ್ಮಾರು ಮುಗೀತು ಅಂತ ಫೋನ್ ಮಾಡೂತನಕ ತೆಗಿಯಾಂಗಿಲ್ರಿ" ಎಂದ ಚಂದಪ್ಪ. ದನಿ ಅಳುತ್ತಿತ್ತು. ಕೀಲಿಕೈ ಚಡ್ಡಿಯ ಕಿಸೆಗೆ ಹೋಯಿತು. ಅವನ ಹಿಂದೆ ಹುಡುಗರು ಸೇರತೊಡಗಿದ್ದರು. "ತೆಗಿರಿ, ನಾವು ಒಳಗ ಹೋಗಿ ಬಿಡಸ್ತೀವಿ" ಎಂದರೆ ಅವರಿಗೂ ತೆಗೆಯಲಿಲ್ಲ. ಯಾರೋ ಪೊಲೀಸರಿಗೆ ಫೋನ್ ಮಾಡುತ್ತಿದ್ದರು.

ನನ್ನನ್ನು ಮತ್ತೆ ಲ್ಯಾಬಿಗೆ ಎಳೆದು ತಂದರು. ಅಷ್ಟರಲ್ಲಿ ಕಾಕಾನ ಸಣ್ಣ ಮಗ ಸಿಟ್ಟಿಗೆ ಟ್ರ್ಯಾಕ್ಟರ್ ಟ್ಯೂಬಿಗೆ ಚಾಟ್ನಿ ಕತ್ತರಿ ಇರಿದಿದ್ದ. ಗುಂಡು ಹಾರಿದ ಹಾಗೆ ಅದು ಒಡೆಯಿತು. ಹಾಸುಗಲ್ಲು ವಾಲಿ ಜಾರತೊಡಗಿತು. ಹರಳು ಬೀಳುತ್ತದೆಂದು ಮೇಡಂ ಬಲಗೈ ಕೊಟ್ಟರು. ಕಲ್ಲು ಕೈಯ ಸಮೇತ ನೆಲಕ್ಕೆ ಬಿತ್ತು. ಅವರು ಕಿರುಚಲಿಲ್ಲ, ಹಲ್ಲು ಕಡಿದ ಸಪ್ಪಳ ಮಾತ್ರ. ಕಲ್ಲಿನ ಅಂಚಿನ ಕೆಳಗಿಂದ ರಕ್ತ ಹರಿದು ನನ್ನ ಕಾಲಿಗೆ ತಾಗಿತು, ಬಿಸಿಯಾಗಿತ್ತು.

ಅಣ್ಣ ಫೋನು ಎತ್ತಿ ಅವರ ಬಾಯಿಗೆ ಹಿಡಿದ. "ಮುಗೀತು ಅನ್ನ. ಅಂದ್ರ ಕಲ್ಲು ಎತ್ತತೀವಿ. ಒಂದ ಮಾತು."

ನಾನು ಅಂಗಲಾಚಿದೆ. "ಅನ್ರಿ ಮೇಡಂ, ನಾ ಹೋಗತೀನಿ, ನಿಮ್ಮ ಕಾಲ ಹಿಡೀತೀನಿ, ಅನ್ರಿ." ಕಾಕಾನ ದೊಡ್ಡ ಮಗ ಕಲ್ಲಿನ ಮೇಲೆ ಕಾಲಿಟ್ಟು ಒತ್ತಿದ. ಮೇಡಂ ಕಣ್ಣು ತೆರೆದೇ ಇದ್ದವು. ನನ್ನನ್ನೇ ನೋಡಿದರು. ಆಮೇಲೆ ಫೋನಿಗೆ ಹೇಳಿದರು.

"ಚಂದಪ್ಪಾ, ಇನ್ನೂ ಹತ್ತೇತಿ."

ಪೊಲೀಸರು ಬಂದ ಮೇಲೆಯೂ ಚಂದಪ್ಪ ಕೀಲಿ ಕೊಡಲಿಲ್ಲ. ಅವರೇ ಅವನ ಕಿಸೆಗೆ ಕೈ ಹಾಕಿ ತೆಗೆದುಕೊಂಡರಂತೆ. ಊರೆಲ್ಲ ಈ ಕತೆಯನ್ನು ನಕ್ಕೊಂಡು ಹೇಳುತ್ತದೆ: ಒಳಗೆ ಹೆಣ ಬೀಳುತ್ತಿದ್ದರೆ ವಾಚಮನ್ನು ಬೆಳಕಿನ ಜಗಳವೆಂದು ಗೇಟು ಹಾಕಿಕೊಂಡು ನಿಂತನಂತೆ. ಹೇಳುವವರು ಹೇಳಲಿ. ರಾಜಿಯಾಗಲೆಂದು ಹಿರಿಯರು ಬಂದರು. ಕಲ್ಲು ತಾನಾಗಿ ಜಾರಿತೆಂದು ಹೇಳಿಬಿಡಿ ಎಂದು ಕಾಲೇಜಿನವರೂ ಹಲ್ಲುಗಿಂಜಿದರು. ಮೇಡಂ ಬ್ಯಾಂಡೇಜಿನ ಕೈಯಿಂದಲೇ ಚಹಾದ ಕಪ್ಪುಗಳನ್ನು ನೆಲಕ್ಕೆ ಅಪ್ಪಳಿಸಿದರು. ಅಣ್ಣ ಜೈಲು ಕಂಡ. ಅವನ ಮುಖ ನಾನು ಇವತ್ತಿಗೂ ನೋಡುವುದಿಲ್ಲ.

ಅವರ ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ಆ ಕೈ ನೋಡಿ ನಾನು ಅತ್ತೆ. "ಆ ಮೊದಲನೇ ಫೋನಿನ್ಯಾಗ ಬರ್ರಿ ಅಂತ ಒಂದ ಮಾತು ಅಂದಿದ್ರ ಮಂದಿ ಓಡಿ ಬರತಿದ್ರು, ನಿಮ್ಮ ಬೆರಳು ಉಳೀತಿದ್ವು" ಎಂದೆ. ಮೇಡಂ ತಣ್ಣಗೆ ಮಲಗಿದ್ದರು. "ಬರ್ರಿ ಅಂದಿದ್ರ ಗೇಟ ತೆರದ ಇರತಿತ್ತು. ಮಂದಿ ಬಂದು ಸುತ್ತ ನಿಂತು ನೋಡತಿದ್ರು. ಅಣ್ಣ ತಂಗೀನ ಕರಕೊಂಡು ಹೊಂಟಾನಂದ್ರ ಯಾವಂವ ಅಡ್ಡ ಬರತಾನ? ಅದಕ್ಕ ಕೀಲಿ ಹಾಕಿಸಿದೆ" ಎಂದರು. ನಾನು ಇನ್ನೂ ಜೋರಾಗಿ ಅತ್ತೆ. "ಗಪ್ ಆಗು!" ಎಂದು ಎಡಗೈ ಎತ್ತಿ ಬಿಗಿದರು. ಅದು ಅಭ್ಯಾಸವಿಲ್ಲದ ಕೈ, ಬಲಗೆನ್ನೆಗೆ ಬಿತ್ತು. ಅಲ್ಲಿಂದ ಮುಂದೆ ನನ್ನ ಏಟುಗಳೆಲ್ಲ ಬಲಗೆನ್ನೆಗೇ.

ಹರಳಿಗೆ ಏನೂ ಆಗಿರಲಿಲ್ಲ. ಅದರ ಮೇಲೆಯೇ ನಾನು ಡಾಕ್ಟರೇಟ್ ಮುಗಿಸಿದೆ, ಅದೇ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಎಡಗೈಯಿಂದ ನಡಮಟ್ಟ ಹಿಡಿಯುವುದನ್ನು ಮೇಡಂ ಮತ್ತೆ ಮೊದಲಿನಿಂದ ಕಲಿತರು. ಬಾರದಾಗ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಹೋದ ತಿಂಗಳು ಸಾರವಾಡದಲ್ಲಿ, ನಿದ್ದೆಯಲ್ಲೇ ಹೋದರು. ಅಂಥವರು ಹೀಗೆ ಸದ್ದಿಲ್ಲದೆ ಹೋಗಬಹುದೆಂದು ನಾನು ಎಣಿಸಿರಲಿಲ್ಲ.

ಮಣ್ಣು ಮಾಡಿ ಮಾರನೆಯ ಮುಂಜಾನೆ ನಾನು ಲ್ಯಾಬಿಗೆ ಹೋದೆ. ಊರಲ್ಲಿ ಅವರ ಮಂದಿಯ ನಡುವೆ ನನಗೆ ಅಳು ಬಂದಿರಲಿಲ್ಲ. ಲೇಸರು ಹಚ್ಚಿದೆ, ಕನ್ನಡಿ ಸರಿ ಮಾಡಿದೆ, ಗೆರೆಗಳು ಮೂಡಿದವು. ಫೋನು ಎತ್ತಿದೆ. ಚಂದಪ್ಪನಿಗೆ ವಯಸ್ಸಾಗಿದೆ, ಆದರೂ ಗೇಟು ಅವನದೇ. "ಜಗಳ ಹತ್ತೇತಿ" ಎಂದೆ. ಜನರೇಟರ್ ನಿಂತಿತು. ಕೀಲಿ ಬಿದ್ದ ಸಪ್ಪಳ ಕೇಳಿತು. ಇನ್ನು ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದು ಅತ್ತೆ. ತೆರೆಯ ಮೇಲೆ ಗೆರೆಗಳು ನಡುಗಿದವು, ಕಲಸಿದವು, ಒಂದೂ ನಿಲ್ಲಲಿಲ್ಲ. ಮೇಡಂ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಲಗೆನ್ನೆಗೆ ಒಂದು ಬಿದ್ದಿರುತ್ತಿತ್ತು.

ಎಷ್ಟೋ ಹೊತ್ತಾದ ಮೇಲೆ ಫೋನು ಹೊಡೆದುಕೊಂಡಿತು. ಚಂದಪ್ಪ. ನನ್ನನ್ನು ಯಾವಾಗಲೂ ತಂಗೆವ್ವಾ ಎನ್ನುವವನು ಆವತ್ತು ಬೇರೆಯೇ ಕರೆದ.

"ಮುಗೀತೇನ್ರಿ ಮೇಡಮ್ಮಾರ? ಗೇಟ ತೆಗೀಲೇನ್ರಿ?"

ಅವನ ದನಿಯೂ ಒದ್ದೆಯಾಗಿತ್ತು. ನಾನು ಮೂಗು ಒರೆಸಿಕೊಂಡೆ.

"ಇಲ್ಲ ಚಂದಪ್ಪಾ," ಎಂದೆ, "ಇನ್ನೂ ಹತ್ತೇತಿ."